ಹಟದ ಮಗುವಿಗೆ ಬೈಗುಳಕ್ಕಿಂತ ಮೊದಲು ನಗು

ಹಟಮಾರಿ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ, ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಒಂದು ಉಪಾಯ.

ಐದು ವರ್ಷದ ಮಗಳಿಗೆ "ಹಲ್ಲುಜ್ಜು" ಅಂದರೆ "ಊಹೂಂ" ಮೊದಲು, ಕಾರಣ ಆಮೇಲೆ. ಈಗ ನಾನು ಗದರುವುದಿಲ್ಲ, ಬ್ರಶ್‌ಗೇ ದನಿ ಕೊಡುತ್ತೇನೆ: "ಅಯ್ಯೋ, ಇವತ್ತೂ ನನಗೆ ರಜೆನಾ? ಆ ದವಡೆ ಹಲ್ಲನ್ನು ಮಾತಾಡಿಸಬೇಕಿತ್ತು!" ಅವಳು ನಕ್ಕರೆ ಅರ್ಧ ಕೆಲಸ ಆದಂತೆ. ಆಮೇಲೆ ಎರಡೇ ಆಯ್ಕೆ: ನೀನೇ ಉಜ್ಜುತ್ತೀಯಾ, ನಾನು ಉಜ್ಜಲಾ? ಉಜ್ಜದೇ ಮಲಗುವ ಮಾತಿಲ್ಲ, ಅದರಲ್ಲಿ ಸಡಿಲ ಬಿಡಬೇಡಿ.

ಮಗುವಿನ ಜತೆ ನಗಿ, ಮಗುವನ್ನು ನೋಡಿ ನಗಬೇಡಿ. ಅತ್ತು ಸುಸ್ತಾದಾಗ ತಮಾಷೆ ಬೇಡವೇ ಬೇಡ, ಎತ್ತಿಕೊಳ್ಳಿ ಸಾಕು. ಮಕ್ಕಳನ್ನು ರೇಗಿಸಬೇಡಿ ಎಂದು ಬೈಬಲಿನ ಎಫೆಸದವರಿಗೆ ಬರೆದ ಪತ್ರ 6:4 ಹೇಳುವುದು ಹೆತ್ತವರಿಗೇ.

"ಕರ್ತನೇ, ಇವಳ ಹಟ ಬಿಡಿಸು" ಅಂತ ಅವಳೆದುರು ಪ್ರಾರ್ಥಿಸುವುದನ್ನೂ ಬಿಟ್ಟೆ. ಮಗುವಿಗೆ ಅದು ದೇವರ ಹತ್ತಿರ ಚಾಡಿ ಹೇಳಿದಂತೆ ಕೇಳಿಸುತ್ತದೆ. ನಾನು ಸಿಡುಕಿದ ದಿನ ಅವಳ ಕೈಹಿಡಿದೇ ಕ್ಷಮೆ ಕೇಳುತ್ತೇನೆ. ಆಶೀರ್ವದಿಸದ ಹೊರತು ಬಿಡೆನೆಂದು ದೇವರ ಹತ್ತಿರವೇ ಪಟ್ಟುಹಿಡಿದ ಯಾಕೋಬನ ಕಥೆ (ಆದಿಕಾಂಡ 32) ಓದಿ ಹೇಳಿ. ಮೊನ್ನೆ ಕೇಳಿ ಮುಗಿಸಿ, "ಅವನೂ ನನ್ನ ಥರಾನೇನಾ ಅಮ್ಮಾ?" ಅಂದಳು. ಹೌದು ಕಂದಾ, ಅಂದೆ.