ಜಾತ್ರೆಯ ಮಾಂಸ ಮತ್ತು ಹೊಸ ವಿಶ್ವಾಸಿಯ ಮನಸ್ಸಾಕ್ಷಿ: ಯಾವಾಗ ಬಿಟ್ಟುಕೊಡಬೇಕು, ಯಾವಾಗ ಕೂಡದು

ಊರಲ್ಲಿ ಗ್ರಾಮದೇವತೆಯ ಜಾತ್ರೆ ಬಂತೆಂದರೆ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ: ಪಕ್ಕದ ಮನೆಯವರು ಹರಕೆಯ ಕುರಿಯ ಮಾಂಸ ಕಳುಹಿಸಿದರೆ ತಿನ್ನಬಹುದೇ? ದಸರೆಗೆ ಆಯುಧಪೂಜೆಯ ಪ್ರಶ್ನೆ, ದೀಪಾವಳಿಗೆ ಕರಜಿಕಾಯಿಯ ಪ್ರಶ್ನೆ. ಸಭಾಪಾಲಕರು "ಪ್ರಾರ್ಥಿಸಿ ನಿರ್ಧರಿಸಿ" ಎನ್ನುತ್ತಾರೆ. ಅದು ಸರಿಯಾದ ಮಾತೇ, ಆದರೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ನೆರೆಯವಳನ್ನು ಎಷ್ಟು ಹೊತ್ತು ಕಾಯಿಸುವುದು? ನಾನು ಶಾಲೆಯಲ್ಲಿ ಪಾಠ ಹೇಳಿದವಳು, ಕೂಟವನ್ನೂ ನಡೆಸುತ್ತಾ ಬಂದವಳು. ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟುಕೊಳ್ಳುವ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸತ್ಯವೇದದಲ್ಲಿ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೆಯ ಅಧ್ಯಾಯಗಳನ್ನು ಒಂದೇ ಬಾರಿಗೆ, ನಡುವೆ ನಿಲ್ಲಿಸದೆ ಓದಿ. ಬಿಡಿ ವಚನ ಎತ್ತಿಕೊಂಡರೆ ಎರಡೂ ಪಕ್ಷದವರಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ. ಜಗಳವೂ ಹಾಗೆಯೇ ಹುಟ್ಟುತ್ತದೆ. ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನಾಶಮಾಡಿದ್ದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಅದನ್ನು ರೋಮನ್ ವಸಾಹತಾಗಿ ಮತ್ತೆ ನೆಲೆಗೊಳಿಸಿದನು. ಪೌಲನು ಅಲ್ಲಿ ಒಂದೂವರೆ ವರ್ಷ ಇದ್ದನು. ಅಲ್ಲಿನ ಅಸ್ಕ್ಲೀಪಿಯಸ್ ದೇವಾಲಯದ ಪಕ್ಕದಲ್ಲಿ ಊಟದ ಕೋಣೆಗಳು ಇದ್ದದ್ದು ಉತ್ಖನನದಲ್ಲಿ ಕಂಡುಬಂದಿದೆ. ನೆಂಟರು, ಒಡನಾಡಿಗಳು ಸೇರುತ್ತಿದ್ದ ಊಟಕ್ಕೂ ದೇವಾಲಯಕ್ಕೂ ಅಷ್ಟು ಹತ್ತಿರದ ನಂಟು. ಊಟಕ್ಕೆ ಹೋಗದಿದ್ದರೆ ನಂಟಸ್ತನ ಕಳೆದುಕೊಳ್ಳಬೇಕು. ಜಾತ್ರೆಯ ಊರಿನಲ್ಲಿ ಬಾಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ಊಟ ಎಲ್ಲಿ ನಡೆಯುತ್ತಿದೆ ಎಂಬುದನ್ನು. ಪೌಲನು ಮೂರು ಜಾಗಗಳನ್ನು ಬೇರೆಬೇರೆಯಾಗಿ ಇಡುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ಕೊಂಡು ತಿನ್ನಿ ಎನ್ನುತ್ತಾನೆ. ಆದ್ದರಿಂದ ಅಂಗಡಿಯವನು ಕೊಯ್ಯುವಾಗ ಯಾವ ಮಂತ್ರ ಹೇಳಿದ, ಯಾವ ದಿಕ್ಕಿಗೆ ಮುಖ ಮಾಡಿದ ಎಂದು ಪತ್ತೇದಾರಿಕೆ ಬೇಡ. ಅನ್ಯರು ಮನೆಗೆ ಊಟಕ್ಕೆ ಕರೆದರೆ, ಹೋಗಲು ಇಷ್ಟವಿದ್ದರೆ ಹೋಗಿ ಬಡಿಸಿದ್ದನ್ನು ತಿನ್ನಿ. ಆದರೆ "ಇದು ನೈವೇದ್ಯ ಮಾಡಿದ್ದು" ಎಂದು ಯಾರಾದರೂ ಹೇಳಿದರೆ, ಹೇಳಿದವನ ಸಲುವಾಗಿ ತಿನ್ನಬೇಡಿ. ದೇವಾಲಯದ ಆರಾಧನೆಯಲ್ಲೇ ಪಾಲುಗೊಂಡು ಉಣ್ಣುವುದಂತೂ ಬೇಡವೇ ಬೇಡ. ಕರ್ತನ ಮೇಜು, ಅಂದರೆ ಸಭೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ಮತ್ತು ಆ ಮೇಜು ಎರಡರಲ್ಲೂ ಕೂರಲಾಗದು. ಈ ಮೂರನೆಯದರಲ್ಲಿ ಸ್ವಾತಂತ್ರ್ಯದ ಪ್ರಶ್ನೆಯೇ ಏಳುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಆರತಿ ಎತ್ತುವ ಸರದಿ ನಿಮ್ಮದಾದರೆ ಮೇಲ್ವಿಚಾರಕರಿಗೆ ಹಿಂದಿನ ದಿನವೇ ವಿನಯದಿಂದ ಹೇಳಿಬಿಡಿ. ಪೂಜೆ ಮುಗಿದ ಮೇಲೆ ಎಲ್ಲರಿಗೂ ಹಂಚುವ ಮಿಠಾಯಿ ಡಬ್ಬಿಯನ್ನು ಅದರೊಂದಿಗೆ ಗಂಟು ಹಾಕಬೇಡಿ.

ನೆರೆಯವಳ ತಟ್ಟೆಯ ವಿಷಯದಲ್ಲಿ ನನ್ನ ರೂಢಿ ಹೀಗಿದೆ. ಹಬ್ಬದ ಅಡುಗೆಯಾದರೆ ಸಂತೋಷದಿಂದ ತೆಗೆದುಕೊಂಡು ತಿನ್ನುತ್ತೇನೆ. ಅವಳಾಗಿಯೇ "ದೇವಿಯ ಪ್ರಸಾದ" ಎಂದರೆ, "ನಾವು ಪ್ರಸಾದ ತೆಗೆದುಕೊಳ್ಳುವುದಿಲ್ಲ ಅಕ್ಕಾ, ಒಳಗೆ ಬಾ, ಚಹಾ ಕುಡಿದು ಹೋಗು" ಎನ್ನುತ್ತೇನೆ. ಯಾರೂ ಇದುವರೆಗೆ ಮುನಿಸಿಕೊಂಡಿಲ್ಲ. ನಗುನಗುತ್ತಾ ಈಸಿಕೊಂಡು ಹಿತ್ತಿಲಲ್ಲಿ ಚೆಲ್ಲುವವರೂ ಇದ್ದಾರೆ. ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಎದುರಿನಲ್ಲಿ ಒಂದು, ಬೆನ್ನ ಹಿಂದೆ ಒಂದು ಮಾಡುವುದಕ್ಕೆ ಮನಸ್ಸಾಕ್ಷಿಯ ಹೆಸರು ಬೇಡ.

ಇನ್ನು ಕಠಿಣವಾದ ಭಾಗ. ಅಂಗಡಿಯ ಮಾಂಸ, ನೆಂಟರ ಊಟ ನಿಮಗೆ ತಪ್ಪಲ್ಲ. ಆದರೆ ನಿಮ್ಮ ಪಂಕ್ತಿಯಲ್ಲಿ ಯಾರು ಕೂತಿದ್ದಾರೆ?

ನಮ್ಮ ಮನೆತನ ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರದ್ದು. ಊರದೇವತೆಯ ಭಯ ಎಂದರೇನೆಂದು ನನಗೆ ಗೊತ್ತಿಲ್ಲ. ಆ ಮಾಂಸ ನನ್ನ ಪಾಲಿಗೆ ಬರೀ ಮಾಂಸ. ಹೋದ ವರ್ಷ ದೀಕ್ಷಾಸ್ನಾನ ಪಡೆದ ಹುಡುಗನಿಗೆ ಹಾಗಲ್ಲ. ಅವನ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ಎಮ್ಮೆ ಹಾಲು ಬತ್ತಿದರೂ ಹರಕೆ ತಪ್ಪಿದ್ದಕ್ಕೇ ಎಂದು ನಂಬಿ ಬೆಳೆದವನು. ಅವನ ನಾಲಗೆಗೆ ಆ ಮಾಂಸದಲ್ಲಿ ಇನ್ನೂ ದೇವತೆಯ ರುಚಿ ಇದೆ. ಅಂಥವನು ನನ್ನನ್ನು ನೋಡಿ, "ಟೀಚರೇ ತಿನ್ನುತ್ತಾರೆ" ಎಂದು ಧೈರ್ಯ ತಂದುಕೊಂಡು ತಿಂದರೆ, ಆ ರಾತ್ರಿ ಅವನ ನಿದ್ದೆ ಹೋಗುತ್ತದೆ. ಅಥವಾ ಇದಕ್ಕಿಂತ ಕೆಟ್ಟದ್ದು: ಎರಡು ಕಡೆಯೂ ಕಾಲಿಟ್ಟು ಬದುಕಬಹುದು ಎಂದು ಕಲಿತುಬಿಡುತ್ತಾನೆ. 8ನೆಯ ಅಧ್ಯಾಯದಲ್ಲಿ ಪೌಲನು ಬಲಹೀನ ಸಹೋದರ ಎನ್ನುವುದು ಇವನನ್ನೇ. ಇವನಿಗೆ ಅಡ್ಡಿಯಾಗುವುದಾದರೆ ಎಂದೆಂದಿಗೂ ಮಾಂಸ ಮುಟ್ಟುವುದಿಲ್ಲ ಎಂದು ಅವನು ಬರೆದದ್ದೂ ಇವನಿಗಾಗಿಯೇ.

ಆದ್ದರಿಂದ ಬಿಟ್ಟುಕೊಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ನಾನು ಮಾಡುವುದನ್ನು ನೋಡಿ ಈ ವ್ಯಕ್ತಿ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ಅದನ್ನೇ ಮಾಡುವ ಸಂಭವವಿದೆಯೇ? ಇದ್ದರೆ ಬಿಡಿ. ನನ್ನ ಬಳೆ ಕಂಡು ಮೂಗು ಮುರಿಯುವ, ತಾನಂತೂ ಸತ್ತರೂ ಬಳೆ ತೊಡದ ಬಂಧುವೊಬ್ಬರಿದ್ದಾರೆ. ಅವರು ಎಡವುವುದಿಲ್ಲ, ಬರೀ ಸಿಟ್ಟಾಗುತ್ತಾರೆ. ಅವರಿಗೆ ಬೇಕಾದದ್ದು 14ನೆಯ ಅಧ್ಯಾಯ, ರೋಮಾಪುರದವರಿಗೆ ಬರೆದದ್ದು: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ವಿಷಯದಲ್ಲಿ ತೀರ್ಪುಮಾಡಬಾರದು. ಪೆಂತೆಕೊಸ್ತು ಸಭೆಯಿಂದ ಬಂದ ನನ್ನ ಸೊಸೆ ಚಿನ್ನ ಹಾಕುವುದಿಲ್ಲ. ನಾನು ತಾಳಿ, ಬಳೆ ತೆಗೆದಿಲ್ಲ; ಅವಳಿಗೆ ಸರ ಉಡುಗೊರೆ ಕೊಟ್ಟು ಪರೀಕ್ಷಿಸಲೂ ಹೋಗಿಲ್ಲ. ಅವಳ ಮದುವೆಯಲ್ಲಿ ಸತ್ಯವೇದ ಕೊಟ್ಟೆವು. ನೆಂಟರು ಪಿಸುಗುಟ್ಟಿದರು, ಪಿಸುಗುಟ್ಟಲಿ.

ಸಂಶಯವಿದ್ದರೆ ಆ ವ್ಯಕ್ತಿಯನ್ನೇ ಕೇಳಿ. ಪಂಕ್ತಿಯಲ್ಲಿ ಕೇಳಬೇಡಿ, ಹತ್ತು ಜನರೆದುರು "ನಿನಗೆ ತೊಂದರೆಯೇ?" ಎಂದರೆ ಯಾರೂ ಹೌದು ಎನ್ನುವುದಿಲ್ಲ. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಕೆಲವರು ದ್ರಾಕ್ಷಾರಸ ಹುಳಿಬರಿಸಿ ಇಡುತ್ತಾರೆ. ಕುಡಿತ ಬಿಟ್ಟವರು ಮನೆಗೆ ಬರುವವರಿದ್ದರೆ ಅದನ್ನು ಹೊರಗೆ ತೆಗೆಯಲೇಬೇಡಿ. ಇದಕ್ಕೆ ಕೇಳುವ ಅಗತ್ಯವೂ ಇಲ್ಲ, ಶಾಸ್ತ್ರದ ಚರ್ಚೆಯೂ ಬೇಕಿಲ್ಲ.

ಬಿಟ್ಟುಕೊಡುವುದಕ್ಕೂ ಒಂದು ರೀತಿ ಇದೆ. ಸದ್ದಿಲ್ಲದೆ ಬಿಡಿ. "ನಿನಗೋಸ್ಕರ ತಿನ್ನುತ್ತಿಲ್ಲ ನೋಡು" ಎಂದರೆ ಅವನಿಗೆ ಊಟವೂ ಸೇರುವುದಿಲ್ಲ, ನಿಮ್ಮ ಪ್ರೀತಿಯೂ ಸೇರುವುದಿಲ್ಲ. ಅವನಿರುವ ಕಡೆ ಬಿಟ್ಟರೆ ಸಾಕು. ನಿಮ್ಮ ನಂಬಿಕೆಯನ್ನು ದೇವರ ಮುಂದೆ ನಿಮಗಿಟ್ಟುಕೊಳ್ಳಿ ಎಂದು ರೋಮಾಪುರ 14:22 ಹೇಳುತ್ತದೆ. ಕದ್ದು ತಿನ್ನುವುದು ಬೇರೆ, ಎದುರಿಗೆ ಇಡದಿರುವುದು ಬೇರೆ. ಅವನು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ.

ಬಿಟ್ಟುಕೊಡಬಾರದ ಸಂದರ್ಭಗಳೂ ಇವೆ. ಪೌಲನು ತನ್ನ ಜೊತೆಗೆಲಸದವನಾದ ತಿಮೊಥೆಯನಿಗೆ ಸುನ್ನತಿ ಮಾಡಿಸಿದನು. ಇನ್ನೊಬ್ಬ ಜೊತೆಗೆಲಸದವನಾದ ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಮೊದಲನೆಯದರಲ್ಲಿ ಯೆಹೂದ್ಯರ ನಡುವೆ ಸುವಾರ್ತೆಗೆ ದಾರಿ ಸುಗಮವಾಗಲಿ ಎಂಬ ಉದ್ದೇಶ. ಎರಡನೆಯದರಲ್ಲಿ ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎಂಬ ಒತ್ತಾಯ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯನಾದ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳ ಪಂಕ್ತಿಯಿಂದ ಎದ್ದು ಹೋದಾಗ ಪೌಲನು ಎಲ್ಲರ ಎದುರಿಗೆ ಅವನನ್ನು ಗದರಿಸಿದನು. ಅದೂ ಊಟದ ವಿಷಯವೇ, ಅಲ್ಲಿಯೂ ಯಾರದೋ ಮನಸ್ಸು ನೋಯಬಾರದೆಂಬ ನೆಪವೇ. ಆದರೆ ಅಲ್ಲಿ ಅಳಿವು ಉಳಿವಿನ ಅಂಚಿನಲ್ಲಿ ಇದ್ದದ್ದು ಸುವಾರ್ತೆ.

ನಮ್ಮ ನಾಡಿನಲ್ಲಿ ಇದರ ಹೆಸರು ಜಾತಿ. "ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ" ಎಂಬ ಮಾತು ಬಲಹೀನ ಮನಸ್ಸಾಕ್ಷಿಯ ವೇಷ ಹಾಕಿಕೊಂಡು ಬರುತ್ತದೆ. ದಕ್ಷಿಣ ಭಾರತದ ಸಭೆಗಳಲ್ಲಿ ಬೇರೆ ಸಾಲು, ಕರ್ತನ ಭೋಜನದಲ್ಲಿ ಬೇರೆ ಸರದಿ ಇದ್ದವು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಅದನ್ನು ತಕ್ಷಣ ಬಿಡಬೇಕೆಂದು ಆಜ್ಞೆ ಹೊರಡಿಸಿದರು. ಬಹಳ ಜನ ಸಭೆ ಬಿಟ್ಟು ಹೋದರು. ಹೋದರೂ ವಿಲ್ಸನ್ ಹಿಂದೆ ಸರಿಯಲಿಲ್ಲ. ಸೋಂಕಿನ ಭಯಕ್ಕೆ ಪ್ರತ್ಯೇಕ ಲೋಟ ಕೇಳಿದರೆ ಕೊಡಿ. ಪಕ್ಕದಲ್ಲಿ ಮೊಣಕಾಲೂರಿದವರ ಕಾರಣಕ್ಕೆ ಕೇಳಿದರೆ, ಅಂಥವರನ್ನು ಒಲಿಸಿಕೊಳ್ಳಲು ಸಭೆ ಒಂದು ಲೋಟವನ್ನೂ ತೆಗೆದಿಡಬಾರದು.

ನನಗೆ ಇಂದಿಗೂ ಸುಲಭವಾಗಿ ಬಗೆಹರಿಯದ ಒಂದು ಸಂಗತಿ ಹಲಗೆ ಎಂಬ ಚರ್ಮವಾದ್ಯದ್ದು. ಕಾಲೇಜಿಗೆ ಹೋಗುವ ಹುಡುಗರು ಆರಾಧನೆಯಲ್ಲಿ ಹಲಗೆ ಬಾರಿಸೋಣ, ನಮ್ಮ ವಾದ್ಯ ನಮ್ಮ ಹೆಮ್ಮೆ ಎಂದರು. ಹಿರಿಯರೊಬ್ಬರು ಬೇಡವೆಂದರು. ಅವರ ತಂದೆ ಊರಿನ ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಹಲಗೆ ಬಾರಿಸಿದವರು. ಆ ಸದ್ದಿನಿಂದ ತಪ್ಪಿಸಿಕೊಳ್ಳಲೆಂದೇ ತಾನು ಈ ಬಾಗಿಲಿಗೆ ಬಂದೆ ಎಂದರು. ಇದು ವಿಗ್ರಹದ ಭಯವಲ್ಲ, ಜಾತಿಯ ಗಾಯ. ಹುಡುಗರ ಮಾತಿನಲ್ಲೂ ಹುರುಳಿದೆ. ಕೊನೆಗೆ ಹುಡುಗರೇ ಅವರ ಮನೆಗೆ ಹೋಗಿ ಕೂತು ಕೇಳಿಸಿಕೊಂಡರು. ಭಾನುವಾರದ ಆರಾಧನೆಯಲ್ಲಿ ಬೇಡ, ಯುವಜನ ಕೂಟದಲ್ಲಿ ಬಾರಿಸುತ್ತೇವೆ ಎಂದು ಬಂದರು. ಕಮಿಟಿಯಲ್ಲಿ ಮತಕ್ಕೆ ಹಾಕಿದ್ದರೆ ಹುಡುಗರು ಗೆಲ್ಲುತ್ತಿದ್ದರು, ಹಿರಿಯರು ಮರುವಾರದಿಂದ ಬರುತ್ತಿರಲಿಲ್ಲ. ಇಂಥ ವಿಷಯಗಳನ್ನು ಮತಕ್ಕೆ ಹಾಕಲೇಬೇಡಿ.

ಕೊನೆಯದಾಗಿ, ಬಿಟ್ಟುಕೊಟ್ಟು ಸುಮ್ಮನಾಗಬೇಡಿ. ಪೌಲನು ಮಾಂಸ ಬಿಡುತ್ತೇನೆ ಎಂದ ಅಧ್ಯಾಯದಲ್ಲಿಯೇ ವಿಗ್ರಹವು ಏನೂ ಅಲ್ಲ, ದೇವರು ಒಬ್ಬನೇ ಎಂದೂ ಕಲಿಸಿದನು. ಆ ಹುಡುಗನೊಂದಿಗೆ ಕೀರ್ತನೆ 24ರ ಮೊದಲ ವಚನ ಓದಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಯಾರದು ಎಂದು ಮಾತಾಡಿ. ಜ್ವರ ಬಂದಾಗ ಅವನ ಮನೆಗೆ ಹೋಗಿ ಪ್ರಾರ್ಥಿಸಿ, ಮಾತ್ರೆ ಕೊಡಿಸಿ; ಹಳೆಯ ಭಯ ತಲೆಯೆತ್ತುವುದು ಆಗಲೇ. ಒಂದು ದಿನ ಅವನೇ ನೆಂಟರ ಪಂಕ್ತಿಯಲ್ಲಿ ಕೂತು ನಿಶ್ಚಿಂತೆಯಿಂದ ಉಣ್ಣಬಹುದು. ಕೊನೆಯವರೆಗೂ ಉಣ್ಣದೆಯೂ ಇರಬಹುದು. ಹಾಗಿದ್ದರೆ ಮುಂದಿನ ಜಾತ್ರೆಗೂ ಅವನಿಗೆ ಹೇಳಿ ಕಳುಹಿಸಿ, ಆ ದಿನ ನಿಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ಮಾಡಿ.