ಬಾಯಿ ಬಿಟ್ಟ ಕೋಡು, ಸೀಳಿದ ದಿಮ್ಮಿ, ಆಮೇಲೆ ಕಂಚು

ದಾರೀಲಿ ಬಿದ್ದಿದ್ದ ಬೀಜದ ಕೋಡೊಂದನ್ನ ಎತ್ಕೊಂಡು ಬಂದು ಟೇಬಲ್ ಮೇಲಿಟ್ಟಿದ್ದೆ, ಎರಡು ದಿನ ಬಿಸಿಲು ಬಿತ್ತು, ಮೂರನೇ ದಿನ ಟಪ್ ಅಂತ ಬಾಯಿ ಬಿಟ್ಟು ಎರಡೂ ಹೋಳು ತಿರುಚ್ಕೊಂಡ್ವು. ಆ ತಿರುವು ಇದ್ಯಲ್ಲ, ಅದನ್ನೇ 3 ಅಡಿ ಎತ್ತರಕ್ಕೆ ಮರದಲ್ಲಿ ಕೆತ್ಬೇಕು ಅಂತ ಹಠ ಬಂತು.

ದಿಮ್ಮಿ ಆರಿಸೋದ್ರಲ್ಲೇ ಎಡವಿದೆ. ಮೇಲೆ ಒಣಗಿತ್ತು, ಒಳಗೆ ಹಸಿ, ನಡುವೆ ತಿರುಳು ಹಾಗೇ ಇತ್ತು. ಮರ ಎಲ್ಲಾ ಕಡೆ ಒಂದೇ ಥರ ಕುಗ್ಗಲ್ಲ, ಉಂಗುರದ ಗುಂಟ ಕುಗ್ಗೋದು ತಿರುಳಿಂದ ತೊಗಟೆ ಕಡೆಗೆ ಕುಗ್ಗೋದಕ್ಕಿಂತ ಹತ್ತತ್ರ ಎರಡು ಪಟ್ಟು, ಉದ್ದಕ್ಕಂತೂ ಲೆಕ್ಕಕ್ಕೇ ಇಲ್ಲ, ಹಾಗಾಗಿ ಇಡೀ ದಿಮ್ಮಿ ಎಲ್ಲಾದ್ರೂ ಒಂದು ಕಡೆ ಸೀಳದೆ ಅದಕ್ಕೆ ಬೇರೆ ದಾರಿ ಇಲ್ಲ. ಆರು ವಾರ ಉಳಿ ಕೊಡತಿ ಹಿಡಿದು ಹೊರಮೈ ಮುಗಿಸಿದ್ದೆ, ಒಂದು ಬೆಳಿಗ್ಗೆ ನೋಡಿದ್ರೆ ಮೇಲಿಂದ ಕೆಳಗಿನ ತನಕ ಬೆರಳು ತೂರೋ ಅಷ್ಟು ಬಿರುಕು. ಮರದಪುಡಿ, ಅಂಟು ಕಲಸಿ ತುಂಬಿದೆ, ಅದರ ಪಕ್ಕದಲ್ಲೇ ಇನ್ನೊಂದು ಸೀಳ್ತು. ಸಿಟ್ಟು ಇಳಿಯೋಕೆ ಒಂದು ವಾರ ಬೇಕಾಯ್ತು. ಕೋಡು ಸಿಡಿದಿದ್ದೂ ಇದೇ ಕಾರಣಕ್ಕೆ ತಾನೇ, ಒಣಗುವಾಗ ಒಂದು ಪದರ ಒಂದು ಕಡೆ ಎಳೆಯುತ್ತೆ, ಇನ್ನೊಂದು ಇನ್ನೊಂದು ಕಡೆ! ತುಂಬಿದ್ದನ್ನೆಲ್ಲ ಕಿತ್ತು ಬಿರುಕನ್ನ ಹಾಗೇ ಬಿಟ್ಟೆ, ಒಳಗೆ ಕಂಚಿನ ಕೋಡು ಕೂರಿಸೋಣ ಅಂದ್ಕೊಂಡೆ. (ಈಗ ದಿಮ್ಮಿ ತಂದ ದಿನವೇ ಎರಡೂ ತುದಿಗೆ ಮೇಣ ಬಳಿದು, ತಿರುಳು ಕೊರೆದು ತೆಗೆದು, ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋ ಹಳೇ ಲೆಕ್ಕದಲ್ಲಿ ನೆರಳಲ್ಲಿ ಬಿಡ್ತೀನಿ.)

ಎರಕಕ್ಕೆ ಮೇಣದಲ್ಲಿ ಮಾದರಿ ಮಾಡೋದು ವಾಡಿಕೆ, ನಾನು ನಿಜವಾದ ಕೋಡನ್ನೇ ಅಚ್ಚಿನೊಳಗೆ ಹಾಕಿ ಕುಲುಮೇಲಿ ಸುಟ್ಟು, ಅದು ಬಿಟ್ಟ ಖಾಲಿ ಜಾಗಕ್ಕೆ ಕಂಚು ಹೊಯ್ದೆ. ಬಂದಿದ್ದು ಅರ್ಧ ಕೋಡು, ಅದರಲ್ಲೂ ತೂತು. ಕೋಡಿನ ಗೋಡೆ 1 ಮಿಲಿಮೀಟರ್ ಕೂಡ ಇಲ್ಲ, ಕಂಚು ತುದಿ ಮುಟ್ಟೋ ಮೊದಲೇ ಗಟ್ಟಿಯಾಗಿತ್ತು, ಜೊತೆಗೆ ಸುಟ್ಟ ಬೂದಿ ಒಳಗೇ ಉಳಿದಿತ್ತು. ಎರಡನೇ ಸಲ ಕೋಡಿನ ಒಳಮೈಗೆ ಬಿಸಿ ಮೇಣ ಬ್ರಷ್‌ನಲ್ಲಿ ಬಳಿದು ಬಳಿದು 3 ಮಿಲಿಮೀಟರ್ ದಪ್ಪ ಮಾಡ್ದೆ, ಹೊರಮೈ ಮುಟ್ಟಲೇ ಇಲ್ಲ, ಯಾಕಂದ್ರೆ ನರ, ಹುಳ ಕೊರೆದ ತೂತು ಎಲ್ಲ ಅಲ್ಲೇ ಇರೋದು. ಗಾಳಿ ಹೊರಗೆ ಹೋಗೋಕೆ ತುದೀಲಿ ಎರಡು ನಾಳ ಜಾಸ್ತಿ ಇಟ್ಟೆ, ಸುಟ್ಟಾದ್ಮೇಲೆ ಅಚ್ಚು ಆರಿದಾಗ ಬೂದಿ ಊದಿ ತೆಗೆದು ಮತ್ತೆ ಕಾಯಿಸಿದೆ. ಅಚ್ಚಲ್ಲಿ ಚೂರು ತೇವ ಇದ್ರೂ ಕರಗಿದ ಲೋಹ ಸಿಡಿಯುತ್ತೆ, ಅಲ್ಲಿ ಆತುರ ಬೇಡವೇ ಬೇಡ. ತಾಮ್ರ 90, ತವರ 10 ಭಾಗ, ಸುಮಾರು 1,150 ಡಿಗ್ರೀಲಿ ಹೊಯ್ದೆ. ಈ ಸಲ ಹುಳದ ತೂತು ಕೂಡ ಬಂತು.

ಕಂದು ಬಣ್ಣಕ್ಕೆ ಕಂಚು ಬಿಸಿ ಮಾಡಿ ಫೆರಿಕ್ ನೈಟ್ರೇಟ್ ಅನ್ನೋ ಕಬ್ಬಿಣದ ಲವಣದ ದ್ರಾವಣ ಹಚ್ಚಿದೆ, ಹಸಿರು ಹಚ್ಚೋ ಆಸೆ ಇತ್ತು, ಮರದ ಪಕ್ಕ ಅದು ಜಾಸ್ತಿ ಕೂಗುತ್ತೆ ಅನ್ನಿಸಿ ಬಿಟ್ಟೆ.

ಕೂರಿಸುವಾಗ ಬಿಗಿಯಾಗಿ ಕೂರಿಸಲಿಲ್ಲ. ಮಳೆಗಾಲಕ್ಕೆ ಮರ ಉಬ್ಬುತ್ತೆ, ಕಂಚು ಜಗ್ಗಲ್ಲ. ಒಂದೇ ಸ್ಕ್ರೂ, ಉದ್ದುದ್ದ ತೂತಲ್ಲಿ, ಎರಡೂ ಕಡೆ ಒಂದೊಂದು ಕಾಗದದಷ್ಟು ಸಂದು. ಬೇಸಿಗೇಲಿ ಅಲ್ಲಾಡಿಸಿದ್ರೆ ಈಗ್ಲೂ ಕಟಕಟ ಅನ್ನುತ್ತೆ, ಒಣಗಿದ ಕೋಡಿನ ಥರಾನೇ.