ಫುಲಿಯಾದಲ್ಲಿ ಟಾಂಗಾಯಿಲ್ ಸೀರೆ ನೇಯ್ದ ನನ್ನ ಅನುಭವ

ಇಳಕಲ್ ಸೀರೆ ನೇಯುವ ಮನೆಯಲ್ಲಿ ಬೆಳೆದ ನನಗೆ ಮಗ್ಗ ಹೊಸದಲ್ಲ. ಆದರೆ ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಫುಲಿಯಾದಲ್ಲಿ ಟಾಂಗಾಯಿಲ್ ಸೀರೆ ಕಲಿಯಲು ಹೋದಾಗ, ಮಗ್ಗಕ್ಕೆ ಕೂರುವ ಮೊದಲು ನೂಲಿನ ಕೆಲಸವನ್ನೇ ಬುಡದಿಂದ ಕಲಿಯಬೇಕಾಯಿತು. ಅಲ್ಲಿನ ಬಸಾಕ್ ಸಮುದಾಯದ ನೇಕಾರರ ಹಿರಿಯರು 1947ರ ದೇಶವಿಭಜನೆಯ ನಂತರ, ಈಗ ಬಾಂಗ್ಲಾದೇಶದಲ್ಲಿರುವ ಟಾಂಗಾಯಿಲ್ ಸೀಮೆಯಿಂದ ಬಂದು ನೆಲೆಸಿದವರು. ಕಸುಬಿನೊಂದಿಗೆ ಸೀರೆಯ ಹೆಸರೂ ಬಂದಿತು. ಆ ಹೆಸರಿಗೆ 2024ರಲ್ಲಿ ಭಾರತದ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದಾಗ ಬಾಂಗ್ಲಾದೇಶದಿಂದ ಆಕ್ಷೇಪವೂ ಬಂದಿತ್ತು.

ನಾನು ನೇಯ್ದದ್ದು 100 ಕೌಂಟಿನ ಹತ್ತಿ ನೂಲಿನಲ್ಲಿ, ಅಂದರೆ 840 ಗಜದ 100 ಲಡಿಗಳು (ನೂಲಿನ ಸುರುಳಿಗಳು) ಸೇರಿ ಕೇವಲ ಒಂದು ಪೌಂಡ್ ತೂಗುವಷ್ಟು ತೆಳುವಾದ ಎಳೆ. ಸರಿಯಾಗಿ ಗಂಜಿ ಕುಡಿಯದಿದ್ದರೆ ಇಂಥ ಎಳೆ ಮಗ್ಗದ ಹಣಿಗೆಯ ಉಜ್ಜಾಟಕ್ಕೆ ತಾಳುವುದಿಲ್ಲ. ಅಲ್ಲಿ ಗಂಜಿ ಮಾಡುವುದು ಭತ್ತದ ಅರಳಿನಿಂದ. ಅರಳನ್ನು ನೆನೆಸಿ, ಕೈಯಿಂದ ಹಿಸುಕಿ, ಚಿಟಿಕೆ ಸುಣ್ಣ ಬೆರೆಸಿ, ಬಟ್ಟೆಯಲ್ಲಿ ಸೋಸಿಕೊಂಡು ಲಡಿಗೆ ತಿಕ್ಕುತ್ತೇವೆ. ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವ ಮೊದಲೇ, ಇನ್ನೂ ಹಸಿಯಾಗಿರುವಾಗ, ಅದನ್ನು ಬಿದಿರಿನ ನಟಾಯಿಗೆ (ನೂಲು ಸುತ್ತುವ ರಾಟೆ) ಸುತ್ತಿ ಬಿಸಿಲಿಗಿಡಬೇಕು. ಗಂಜಿ ದಪ್ಪವಾದರೆ ನೂಲು ಕಡ್ಡಿಯಂತಾಗಿ ಮುರಿಯುತ್ತದೆ, ತೆಳುವಾದರೆ ಜುಂಗು ಏಳುತ್ತದೆ. ಇದಕ್ಕೆ ಅಳತೆ ಹೇಳಿಕೊಡಿ ಎಂದು ಕೇಳಿದರೆ, ಕಲಿಸುತ್ತಿದ್ದ ಕಾಕೀಮಾ (ಬಂಗಾಳಿಯಲ್ಲಿ ಚಿಕ್ಕಮ್ಮ) ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಎಳೆಯನ್ನು ಎಳೆದು ತೋರಿಸಿ ಸುಮ್ಮನಾಗುತ್ತಿದ್ದರು. ನಾನೂ ಕೊನೆಗೆ ಹಾಗೆಯೇ ಕಲಿತೆ.

ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳನ್ನು, ಹೂಡಿದ ಮೇಲಿನ ಕೆಲಸ ನೋಡುವವರಿಗೆ ಕಷ್ಟವೆನಿಸಿದರೂ ನನಗೆ ಬೇಗ ಒಗ್ಗಿತು. ಅಂಚನ್ನು, ವಿನ್ಯಾಸಕ್ಕೆ ತಕ್ಕಂತೆ ಎಳೆಗಳನ್ನು ಎತ್ತುವ ಜಕಾರ್ಡ್ ಸಾಧನ ನೋಡಿಕೊಳ್ಳುತ್ತದೆ. ಒಡಲಿನ ಬುಟ್ಟಾ (ಬಿಡಿ ಚಿತ್ತಾರ) ಮಾತ್ರ ಬೆರಳಿನ ಕೆಲಸ. ಎಣಿಸಿದ ಹಾಸಿನ ಎಳೆಗಳ ಕೆಳಗೆ ದಪ್ಪನೆಯ ನೂಲಿನ ತುಂಡನ್ನು ತೂರಿಸಿ, ಹಗ್ಗ ಜಗ್ಗಿ ಲಾಳಿ ಹೊಡೆದು, ಮತ್ತೆ ಬುಟ್ಟಾಕ್ಕೆ ಕೈ ಹಾಕಬೇಕು. ಪ್ರತಿ ಬುಟ್ಟಾಕ್ಕೂ ಬೇರೆಯೇ ನೂಲಾದ್ದರಿಂದ ಸೀರೆಯ ಹಿಂಬದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಎಳೆ ಜೋತಾಡುವುದಿಲ್ಲ. ಕೊಳ್ಳುವವರು ಮೊದಲು ತಿರುವಿ ನೋಡಬೇಕಾದದ್ದು ಇದನ್ನೇ.

ದುರ್ಗಾ ಪೂಜೆಯ ಬೇಡಿಕೆ ಏರುವ ಹೊತ್ತಿಗೆ ಸರಿಯಾಗಿ ಮಳೆಗಾಲ. ಬಿಸಿಲಿಲ್ಲದೆ ಗಂಜಿ ಒಣಗದು, ನೂಲು ಸಿದ್ಧವಾಗದೆ ಮಗ್ಗ ನಿಲ್ಲುತ್ತದೆ. ಮಹಾಜನರು, ಅಂದರೆ ನೇಯಿಸುವ ವ್ಯಾಪಾರಿಗಳು, ನೂಲು ಕೊಟ್ಟು ಸೀರೆಯ ಲೆಕ್ಕದಲ್ಲಿ ಕೂಲಿ ಕೊಡುವುದರಿಂದ, ಆ ದಿನಗಳ ನಷ್ಟವೆಲ್ಲ ನೇಕಾರನ ಮನೆಯದೇ. ಗಂಜಿ ಹಾಕಿ ನೂಲು ಸುತ್ತುವ ಹೆಂಗಸರ ದುಡಿಮೆಯಂತೂ ನಾನು ಕಂಡ ಮನೆಗಳಲ್ಲಿ ಆ ಕೂಲಿಯೊಳಗೇ ಕರಗಿಹೋಗುತ್ತಿತ್ತು. ಇದು ನನಗೆ ನ್ಯಾಯವೆಂದು ಕಾಣಲಿಲ್ಲ. ಈಗ ಅಲ್ಲಿಂದ ಸೀರೆ ನೇಯಿಸುವಾಗ ಗಂಜಿ ಮತ್ತು ಸುತ್ತುವಿಕೆಯ ಕೂಲಿಯನ್ನು ಪ್ರತ್ಯೇಕವಾಗಿ ಬರೆದು ಆ ಹೆಂಗಸರ ಕೈಗೇ ಕೊಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆರ್ಡರ್‌ಗಳಿಗೆ ಗಡುವು ಹಾಕುವುದಿಲ್ಲ.